ಅಳಿಸುವ ಹಕ್ಕು: ಹಸೆ ಚಿತ್ತಾರಕ್ಕೆ ಮರಳಿದ ಒಬ್ಬ ತಾಯಿಯ ಪ್ರಕರಣ

ಈ ಬರಹದಲ್ಲಿರುವ ಮಹಿಳೆಯನ್ನು ಗೌರಕ್ಕ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಗುರುತು ಹತ್ತಬಹುದಾದ ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದು ಮುಗಿಸಿದ ಮೇಲೆ ಅವರಿಗೆ ಪೂರ್ತಿ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು, ಉಳಿದದ್ದಕ್ಕೆ ಒಪ್ಪಿದರು. ನಾನು ಬೆಂಗಳೂರಿನಲ್ಲಿ ಆಪ್ತ ಸಮಾಲೋಚಕಿ. ಕಲೆಯಿಂದ ಮನಸ್ಸಿಗೆ ಒಳಿತಾಗುತ್ತದೆ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಆ ಒಳಿತು ಕಲೆಯ ಯಾವ ಮೂಲೆಯಿಂದ ಬರುತ್ತದೆ ಎಂಬುದನ್ನು ನಾನು ತಪ್ಪಾಗಿ ತಿಳಿದಿದ್ದೆ.

ಹಿನ್ನೆಲೆ

ಗೌರಕ್ಕ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿಯವರು, ದೀವರು ಎಂಬ ಮಲೆನಾಡಿನ ಸಮುದಾಯದ ಹೆಣ್ಣುಮಗಳು. ನನ್ನಲ್ಲಿಗೆ ಬಂದಾಗ ಅವರಿಗೆ 61 ವರ್ಷ. ಊರಿನ ಸರ್ಕಾರಿ ಶಾಲೆಯಲ್ಲಿ 18 ವರ್ಷ ಬಿಸಿಯೂಟದ ಅಡುಗೆ ಮಾಡಿದ್ದರು. 60 ತುಂಬಿದಾಗ ಆ ಕೆಲಸ ನಿಂತಿತು. ಪತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಇದ್ದ ತುಂಡು ಗದ್ದೆಯನ್ನು ಮೈದುನನಿಗೆ ಒಪ್ಪಿಸಿ, ಮಗ ಸೊಸೆಯ ಜೊತೆ ಇರಲು ಬೆಂಗಳೂರಿನ ಬಾಡಿಗೆ ಫ್ಲ್ಯಾಟಿಗೆ ಬಂದರು. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವವರು. ಒಂಬತ್ತು ವರ್ಷದ ಮೊಮ್ಮಗ ಸಂಜೆ ನಾಲ್ಕಕ್ಕೆ ಬರುತ್ತಾನೆ. ಮನೆಯಲ್ಲಿ ಯಾರೂ ಅವರನ್ನು ಕಡೆಗಣಿಸಿರಲಿಲ್ಲ. ಇದನ್ನು ಮೊದಲೇ ಹೇಳಬೇಕು. ಇಂಥ ಕಥೆಗಳಲ್ಲಿ ಸೊಸೆಯನ್ನು ತಪ್ಪಿತಸ್ಥಳನ್ನಾಗಿ ಮಾಡುವುದು ಸುಲಭ, ಇಲ್ಲಿ ಅವರನ್ನು ನನ್ನ ಬಳಿ ಕರೆದುಕೊಂಡು ಬಂದವಳೇ ಸೊಸೆ.

ಅವಳು ಹೇಳಿದ್ದು ಇಷ್ಟು: ಅತ್ತೆ ರಾತ್ರಿ ಮೂರು ಗಂಟೆ ಮಲಗಿದರೆ ಹೆಚ್ಚು. ಊಟ ಅರ್ಧಕ್ಕೆ ಇಳಿದಿದೆ. ಮೈಕೈ ನೋವು ಎನ್ನುತ್ತಾರೆ, ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್, ಬಿ 12, ಸಕ್ಕರೆ ಎಲ್ಲವೂ ಸರಿ ಇದೆ. ಆಗಾಗ "ನಾನು ಯಾವುದಕ್ಕೂ ಬೇಕಾಗಿಲ್ಲ" ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಾರೆ.

ಖಿನ್ನತೆಯ ಮಟ್ಟ ತಿಳಿಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅವರಿಗೆ 27ಕ್ಕೆ 16 ಬಂತು. ಸಣ್ಣ ಅಂಕ ಅಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. "ಬರುವುದಿಲ್ಲ, ಆದರೆ ಬೆಳಗಾಗುವುದು ಬೇಡ ಅನಿಸುತ್ತದೆ" ಎಂದರು. ಮನೋವೈದ್ಯರ ಬಳಿ ಕಳುಹಿಸಿದೆ. ಅವರು ಸಣ್ಣ ಪ್ರಮಾಣದ ಮಾತ್ರೆ ಶುರು ಮಾಡಿದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಸೊಸೆಯ ಮೊಬೈಲಿನಲ್ಲಿ ಹಾಕಿಸಿದೆ. ಮುಂದೆ ನಾನು ಹೇಳುವ ಒಂದೂವರೆ ವರ್ಷದಲ್ಲಿ ಮಾತ್ರೆ ಬಹುಕಾಲ ನಡೆಯಿತು, ವೈದ್ಯರ ಭೇಟಿಯೂ ತಪ್ಪಲಿಲ್ಲ. ಅವರು ಆಮೇಲೆ ಮರಳಿದ ಹಸೆ ಚಿತ್ತಾರ, ಅಂದರೆ ಮದುವೆಗೆ ಮನೆಯ ಗೋಡೆಯ ಮೇಲೆ ಬರೆಯುವ ಚಿತ್ತಾರ, ಮಾತ್ರೆಯ ಜಾಗಕ್ಕೆ ಬಂದದ್ದಲ್ಲ. ಮಾತ್ರೆ ಕೊಡಲಾಗದ ಯಾವುದೋ ಒಂದನ್ನು ಕೊಟ್ಟಿತು.

ಮೊದಲ ಎರಡು ತಿಂಗಳು: ನನ್ನ ತಪ್ಪುಗಳು

"ಕೈಗೆ ಕೆಲಸವಿಲ್ಲ, ಅದಕ್ಕೇ ಹೀಗೆ" ಎಂದು ನಾನು ಬೇಗ ತೀರ್ಮಾನಿಸಿಬಿಟ್ಟೆ. ಬೆಳಿಗ್ಗೆ ಪಾರ್ಕಿನಲ್ಲಿ ನಡಿಗೆ, ಮಂಗಳವಾರ ಅಪಾರ್ಟ್‌ಮೆಂಟಿನ ಭಜನೆ, ಮನೆಯಲ್ಲಿ ಬಣ್ಣ ತುಂಬುವ ಪುಸ್ತಕ ಎಂದು ಪಟ್ಟಿ ಕೊಟ್ಟೆ. ನಡಿಗೆ ಹತ್ತು ದಿನ ನಡೆಯಿತು. ಭಜನೆಗೆ ಎರಡು ಸಲ ಹೋದರು. ಅಲ್ಲಿನ ಹಾಡುಗಳು ತಮಗೆ ಬರುವುದಿಲ್ಲ ಎಂದು ಹಿಂದಿನ ಸಾಲಿನಲ್ಲಿ ಕುಳಿತು ಎದ್ದು ಬಂದರು.

ಬಣ್ಣದ ಪುಸ್ತಕದ ಮೇಲೆ ನನಗೆ ಬಹಳ ಭರವಸೆಯಿತ್ತು. ಅದಕ್ಕೆ ಓದೂ ಕಾರಣ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರಿಗೆ ಬಣ್ಣದ ಪೆನ್ನು, ಜೇಡಿಮಣ್ಣು, ಅಂಟಿಸುವ ಕಾಗದ ಕೊಟ್ಟು 45 ನಿಮಿಷ ಕೂರಿಸಿ, ಮೊದಲು ಮತ್ತು ನಂತರ ಎಂಜಲಿನಲ್ಲಿರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದಿದ್ದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಹಿಂದೆ ಕಲೆಯ ಅಭ್ಯಾಸ ಇತ್ತೋ ಇಲ್ಲವೋ ಎಂಬುದರಿಂದ ವ್ಯತ್ಯಾಸವಾಗಿರಲಿಲ್ಲ. ಇದನ್ನು ಓದಿ, ಯಾರಿಗೆ ಯಾವ ಬಣ್ಣ ಕೊಟ್ಟರೂ ಆದೀತು ಎಂದುಕೊಂಡೆ. ಆ 39 ಜನರಿಗೆ ತಮಗೆ ಬೇಕಾದ್ದನ್ನು ಬೇಕಾದಂತೆ ಮಾಡುವ ಸ್ವಾತಂತ್ರ್ಯವಿತ್ತು ಎಂಬ ಸಾಲು ಕಣ್ಣಿಗೆ ಬಿದ್ದಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ.

ಗೌರಕ್ಕ ಎರಡು ಪುಟ ತುಂಬಿ ಪುಸ್ತಕ ಮುಚ್ಚಿಟ್ಟರು. ಏಕೆ ಎಂದು ಕೇಳಿದ್ದಕ್ಕೆ, "ಯಾರೋ ಎಳೆದು ಬಿಟ್ಟ ಗೆರೆಯೊಳಗೆ ನಾನು ಬಣ್ಣ ತುಂಬುವುದು ಅಂದರೆ, ಬೇರೆಯವರ ಗದ್ದೆಗೆ ನೀರು ಕಟ್ಟಿದ ಹಾಗೆ ಮೇಡಂ. ಬೆಳೆ ನನ್ನದಲ್ಲವಲ್ಲ" ಎಂದರು. ಈ ಮಾತನ್ನು ನಾನು ನಿರಾಸಕ್ತಿಯ ಲಕ್ಷಣ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡೆ. ಇಂದಿಗೂ ಆ ಪುಟ ನನ್ನ ಬಳಿ ಇದೆ. ಎರಡು ತಿಂಗಳ ಕೊನೆಗೆ ಅಂಕ 15. ಏನೂ ಬದಲಾಗಿರಲಿಲ್ಲ.

ಮೇಜಿನ ಮೇಲಿನ ನೀರು

ಆರನೆಯ ಭೇಟಿಯ ದಿನ ಮಳೆ ಬರುತ್ತಿತ್ತು. ಕುಡಿಯಲು ಕೊಟ್ಟ ಲೋಟ ಮೇಜಿನ ಮೇಲೆ ಒಂದು ಒದ್ದೆ ಉಂಗುರ ಬಿಟ್ಟಿತ್ತು. ನಾನು ಏನೋ ಕೇಳುತ್ತಿದ್ದೆ, ಅವರು ಹೂಂಗುಟ್ಟುತ್ತಿದ್ದರು. ಬಲಗೈಯ ತೋರುಬೆರಳು ಮಾತ್ರ ಆ ನೀರಿನಿಂದ ಒಂದು ಗೆರೆ ಎಳೆಯಿತು. ಅದರ ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಮೂರು ಗೆರೆಗಳ ನಡುವಿನ ಅಂತರ ಅಳೆದಿಟ್ಟಂತೆ ಒಂದೇ ಸಮ. ಆಮೇಲೆ ಅಡ್ಡಲಾಗಿ ಮೂರು. ಒಂದು ಚೌಕ ಆಯಿತು, ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ ಹೋಯಿತು. ಫ್ಯಾನಿನ ಗಾಳಿಗೆ ಮೊದಲ ಗೆರೆ ಆರಿತು. ಅವರು ಮತ್ತೆ ಬೆರಳು ಅದ್ದಿ ಅದನ್ನೇ ತುಂಬಿದರು.

"ಏನು ಚಿತ್ರ ಬಿಡಿಸುತ್ತಿದ್ದೀರಿ ಗೌರಕ್ಕ?"

"ಬಿಡಿಸುವುದಲ್ಲ. ಎಳೆ ಬರೆದೆ, ಅಷ್ಟೇ" ಎಂದು ಸೆರಗಿನಿಂದ ಒರೆಸಿಬಿಟ್ಟರು.

ಚಿತ್ತಾರವನ್ನು ಅವರ ಕಡೆ ಬಿಡಿಸುವುದಿಲ್ಲ, ಬರೆಯುತ್ತಾರೆ. ದೀವರ ಮನೆಗಳಲ್ಲಿ ಮದುವೆಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಹಸೆ ಬರೆಯುತ್ತಾರೆ, ವಧೂವರರನ್ನು ಅದರ ಮುಂದೆ ಕೂರಿಸುತ್ತಾರೆ. ನೆನೆಸಿ ನುಣ್ಣಗೆ ಅರೆದ ಅಕ್ಕಿಯಿಂದ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಗೆ ಕಾಯಿಯಿಂದ ಹಳದಿ, ಮಣ್ಣಿನಿಂದ ಕೆಂಪು. ಪುಂಡಿ ನಾರೇ ಕುಂಚ. ಅಳತೆಗೋಲು ಇಲ್ಲ, ಕಣ್ಣೇ ಅಳತೆ. ಬರೆಯುವಾಗ ಹಾಡು ಇರುತ್ತದೆ. ಇಷ್ಟನ್ನೂ ಆ ದಿನ ಮತ್ತು ಮುಂದಿನ ವಾರ ಗೌರಕ್ಕ ನನಗೆ ಕಲಿಸಿದರು. ಎರಡು ತಿಂಗಳಲ್ಲಿ ಅವರು ನನಗೆ ಹೇಳಿದ ಮಾತುಗಳೆಲ್ಲ ಸೇರಿದರೂ ಆ ಒಂದು ಗಂಟೆಯಷ್ಟು ಆಗುತ್ತಿರಲಿಲ್ಲ.

ಜೊತೆಗೆ ಒಂದು ಕುಟುಂಬದ ಕಥೆ ಹೊರಬಂತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಗೌರಕ್ಕ ಎರಡು ವರ್ಷದ ಕೂಸು. ಮನೆ ಮುಳುಗಿತು, ಹಸೆ ಬರೆದ ಗೋಡೆಯೂ ಮುಳುಗಿತು. ಹೊಸ ಜಾಗದಲ್ಲಿ ಗೋಡೆ ಎದ್ದ ಮೊದಲ ವರ್ಷ, ಮನೆಯಲ್ಲಿ ಯಾವ ಮದುವೆಯೂ ಇಲ್ಲದಿದ್ದರೂ, ಅವರ ಅವ್ವ ಅದರ ಮೇಲೆ ಚಿತ್ತಾರ ಬರೆದರಂತೆ. "ಮದುವೆ ಇಲ್ಲದೆ ಹಸೆ ಏಕೆ ಎಂದು ಊರವರು ಕೇಳಿದರಂತೆ. ಗೋಡೆ ನಮ್ಮದು ಅಂತ ಗೋಡೆಗೆ ಗೊತ್ತಾಗಬೇಡವೇ ಎಂದಳಂತೆ ಅವ್ವ."

ಹಾಗಾದರೆ ನೀವು ಇಲ್ಲಿ ಏಕೆ ಬರೆಯಲಿಲ್ಲ ಎಂದು ಕೇಳಿದೆ. "ಬಾಡಿಗೆ ಮನೆ. ಮೊಳೆ ಹೊಡೆಯುವುದಕ್ಕೂ ಮಾಲೀಕರನ್ನು ಕೇಳಬೇಕು. ಈ ಗೋಡೆಗಳನ್ನು ಮುಟ್ಟಿದರೆ ಕೈಗೆ ಏನೂ ಹತ್ತುವುದೂ ಇಲ್ಲ" ಎಂದರು.

ನಾನು ಈ ಪ್ರಕರಣದ ಮೊದಲ ತಿರುವು ಎಂದು ಗುರುತಿಸುವುದು ಇದನ್ನು. ಅವರಿಗೆ ಹೊಸ ಹವ್ಯಾಸ ಹುಡುಕುವ ಅಗತ್ಯವೇ ಇರಲಿಲ್ಲ. ಕಲೆ ಕೈಯಲ್ಲೇ ಇತ್ತು, ಅದು ಇಳಿಯಲು ಗೋಡೆ ಇರಲಿಲ್ಲ.

ಹಲಗೆ

ಮಗ ನಾಲ್ಕು ಅಡಿಗೆ ಮೂರು ಅಡಿ ಅಳತೆಯ ಪ್ಲೈವುಡ್ ಹಲಗೆ ತಂದುಕೊಟ್ಟ. ಊರಿನಿಂದ ಕೆಮ್ಮಣ್ಣು, ಪುಂಡಿ ನಾರು, ಗುರಗೆ ಕಾಯಿ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಆಗಿ ಬಂದವು. ಮೊದಲ ಬಾರಿ ಬಳಿದ ಮಣ್ಣು ಎರಡು ದಿನಕ್ಕೆ ಹಪ್ಪಳದಂತೆ ಎದ್ದು ಉದುರಿತು. ಹಲಗೆ ನುಣುಪು, ಮಣ್ಣಿಗೆ ಹಿಡಿತ ಸಿಗಲಿಲ್ಲ. ಹಳೆಯ ಹತ್ತಿ ಪಂಚೆಯನ್ನು ಹಲಗೆಗೆ ಅಂಟಿಸಿ, ಮಣ್ಣಿಗೆ ಸಗಣಿ ಬೆರೆಸಿ ಬಳಿಯುವ ಉಪಾಯ ಅವರೇ ಕಂಡುಕೊಂಡರು. ಸಗಣಿಗಾಗಿ ಎರಡು ರಸ್ತೆ ಆಚೆ ಹಸು ಸಾಕಿದವರ ಮನೆ ಹುಡುಕಿಕೊಂಡು ತಾವೇ ಹೋದರು. ಬೆಂಗಳೂರಿಗೆ ಬಂದ ಮೇಲೆ ಒಬ್ಬರೇ ಹೊರಗೆ ಹೋದದ್ದು ಅದೇ ಮೊದಲು. ಮಿಕ್ಸಿಯಲ್ಲಿ ಅರೆದ ಅಕ್ಕಿ ತರಿತರಿಯಾಗಿ ನಾರಿನಿಂದ ಸರಿಯಾಗಿ ಇಳಿಯಲಿಲ್ಲ. ಸೊಸೆ ತವರಿನಿಂದ ಸಣ್ಣ ಒರಳು ತರಿಸಿದಳು.

ಅಷ್ಟಾದ ಮೇಲೂ ಮೊದಲ ಎಳೆ ನಡುಗಿತು. ಅವರು ಒದ್ದೆ ಬಟ್ಟೆಯಿಂದ ಒರೆಸಿದರು. ಮರುದಿನ ಬರೆದು ಒರೆಸಿದರು. ಮೂರನೆಯ ಸಲ ಅರ್ಧ ಹಲಗೆ ತುಂಬಿದ್ದನ್ನೇ ಒರೆಸಿ, ಮಣ್ಣು ಬಳಿದು ಮೊದಲಿನಿಂದ ಶುರು ಮಾಡಿದರು. ಸೊಸೆ ಗಾಬರಿಯಾಗಿ ನನಗೆ ಫೋನ್ ಮಾಡಿದಳು. ನನಗೂ ಗಾಬರಿಯಾಯಿತು. ತನ್ನನ್ನು ತಾನು ಹೀಗಳೆಯುವ ಮನಸ್ಸು ಮಾಡಿದ್ದನ್ನೆಲ್ಲ ಅಳಿಸುತ್ತಿದೆ ಎಂದು ತಿಳಿದು, ಮುಂದಿನ ಭೇಟಿಯಲ್ಲಿ ಫೋಟೋ ನೋಡಿ "ಎಷ್ಟು ಚೆನ್ನಾಗಿತ್ತು, ಏಕೆ ಅಳಿಸಿದಿರಿ?" ಎಂದೆ.

ಅವರು ಫೋಟೋವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. "ನೋಡಿ, ಈ ಎಳೆ ಇಲ್ಲಿ ದಪ್ಪ, ಇಲ್ಲಿ ಸಣ್ಣ. ಇಲ್ಲಿ ಉಸಿರು ಬಿಟ್ಟಿದ್ದೇನೆ. ಚೆನ್ನಾಗಿಲ್ಲ ಮೇಡಂ, ನೀವು ಸುಮ್ಮನೆ ಹೇಳುತ್ತಿದ್ದೀರಿ." ಹೇಳುವಾಗ ಅವರ ದನಿಯಲ್ಲಿ ದುಃಖವಿರಲಿಲ್ಲ. ಮೂವತ್ತು ವರ್ಷ ಎಳೆ ಎಳೆದ ಕೈ ಕಲಿಯುವವಳಿಗೆ ಪಾಠ ಹೇಳುವ ಗಟ್ಟಿತನವಿತ್ತು.

ಅಂದಿನಿಂದ ನಾನು "ಚೆನ್ನಾಗಿದೆ" ಎಂಬ ಮಾತನ್ನು ಬಿಟ್ಟೆ. ಮನೆಯವರಿಗೂ ಬಿಡಲು ಹೇಳಿದೆ. ಬದಲಿಗೆ ಕೇಳುವುದನ್ನು ಕಲಿತೆವು: ಈ ಎಳೆ ಎಲ್ಲಿಂದ ಶುರುವಾಯಿತು, ಇದನ್ನು ಏನೆನ್ನುತ್ತಾರೆ, ಇಲ್ಲಿ ಏಕೆ ಜಾಗ ಬಿಟ್ಟಿರಿ. ಫ್ಲ್ಯಾಟಿಗೆ ಬಂದ ಮೇಲೆ ಅವರ ಮಾತು ನಡೆಯುತ್ತಿದ್ದ ಜಾಗವೇ ಇರಲಿಲ್ಲ. ಏನು ಅಡುಗೆ, ಎಷ್ಟು ಹೊತ್ತಿಗೆ ಊಟ, ಯಾವ ಚಾನೆಲ್, ಎಲ್ಲವನ್ನೂ ಬೇರೆಯವರು ಪ್ರೀತಿಯಿಂದಲೇ ತೀರ್ಮಾನಿಸುತ್ತಿದ್ದರು. ಹಲಗೆಯ ಮೇಲೆ ಮಾತ್ರ ಯಾವುದು ಸರಿ, ಯಾವುದು ತಪ್ಪು, ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂದು ಹೇಳುವವರು ಅವರೊಬ್ಬರೇ. ನಾನು ಹೊಗಳಿದಾಗಲೆಲ್ಲ ಆ ಅಧಿಕಾರದಲ್ಲೂ ಒಂದು ಪಾಲು ಕಿತ್ತುಕೊಳ್ಳುತ್ತಿದ್ದೆ.

ಐದನೆಯ ಸಲ ಬರೆದದ್ದು ಉಳಿಯಿತು. ದಿನಕ್ಕೆ ಎರಡು ಗಂಟೆ, ಮಧ್ಯಾಹ್ನ ಹನ್ನೆರಡರಿಂದ ಎರಡು. ಅದು ಶಾಲೆಯಲ್ಲಿ ಬಡಿಸುತ್ತಿದ್ದ ಹೊತ್ತು ಎಂದು ನನಗೆ ಆಮೇಲೆ ಹೊಳೆಯಿತು. ಡಿಸೆಂಬರ್ ಹೊತ್ತಿಗೆ ನಿದ್ದೆ ಐದು ಗಂಟೆಯಷ್ಟಾಯಿತು, ಅಂಕ 8ಕ್ಕೆ ಇಳಿಯಿತು.

ಎರಡನೆಯ ಹಲಗೆಯನ್ನು ವಿವರವಾಗಿ ಹೇಳಬೇಕು. ಮೊದಲನೆಯದರಲ್ಲಿ ಅವ್ವ ಕಲಿಸಿದ್ದನ್ನು ಹಾಗೆಯೇ ಬರೆದಿದ್ದರು. ಎರಡನೆಯದರ ಕೆಳಗಿನ ಪಟ್ಟಿಯಲ್ಲಿ, ಸಾಮಾನ್ಯವಾಗಿ ಗೊಂಬೆಗಳ ಸಾಲು ಬರುವಲ್ಲಿ, ತಟ್ಟೆ ಹಿಡಿದ ಮಕ್ಕಳ ಸಾಲು ಬಂತು. ತ್ರಿಕೋನದ ಮೈ, ಕಡ್ಡಿಯ ಕೈಕಾಲು, ಕೈಯಲ್ಲಿ ಒಂದು ಬಿಳಿ ಚುಕ್ಕೆ, ಅದೇ ತಟ್ಟೆ. ಹೀಗೆ ಬರೆಯಬಹುದೇ ಎಂದು ಎರಡು ವಾರ ಅವರಿಗೆ ಅನುಮಾನವಿತ್ತು. ಊರಿಗೆ ಫೋನ್ ಮಾಡಿ ಅಕ್ಕನನ್ನು ಕೇಳಿದರು. "ಬರೆದವಳು ನೀನು, ನನ್ನನ್ನೇನು ಕೇಳುತ್ತೀಯ" ಎಂದರಂತೆ ಅಕ್ಕ. ಸಾಲಿನಲ್ಲಿ ಒಂದು ಕಡೆ ಒಬ್ಬರಷ್ಟು ಜಾಗ ಖಾಲಿ ಇತ್ತು. ಅಲ್ಲಿ ಮರೆತಿರಾ ಎಂದು ಕೇಳಿದೆ. "ಮರೆತಿಲ್ಲ. ಒಂದಾದರೂ ಮಗು ಗೈರು ಇಲ್ಲದ ದಿನ ಇರುತ್ತಿರಲಿಲ್ಲ. ಅದರ ಪಾಲು ಎತ್ತಿಡುತ್ತಿದ್ದೆ" ಎಂದರು.

ಮಾರಾಟ

ಸಂಕ್ರಾಂತಿಗೆ ಅಪಾರ್ಟ್‌ಮೆಂಟಿನವರು ಒಂದು ಸಣ್ಣ ಪ್ರದರ್ಶನ ಇಟ್ಟರು. ಎರಡೂ ಹಲಗೆಗಳನ್ನು ಅಲ್ಲಿ ಇಡಲು ಪ್ರೋತ್ಸಾಹಿಸಿದವರಲ್ಲಿ ನಾನೂ ಒಬ್ಬಳು. ಜನ ಮುಗಿಬಿದ್ದರು. ಸೊಸೆ ಫೋಟೋ ಹಾಕಿದಳು, ಹತ್ತು ದಿನಗಳಲ್ಲಿ 14 ಬೇಡಿಕೆ ಬಂದವು, ಮುಂಗಡವೂ ಬಂತು. ಗೌರಕ್ಕ ಒಪ್ಪಿಕೊಂಡರು. ಕೈಗೆ ತಮ್ಮದೇ ದುಡ್ಡು ಬಂದ ಸಂತೋಷ ದೊಡ್ಡದು, ಅದನ್ನು ಹಗುರವಾಗಿ ಕಾಣಬಾರದು. ಮೊಮ್ಮಗನಿಗೆ ಸೈಕಲ್ ಕೊಡಿಸಿದರು. ನಾನು ನನ್ನ ಟಿಪ್ಪಣಿಯಲ್ಲಿ "ಪೂರ್ಣ ಚೇತರಿಕೆಯತ್ತ" ಎಂದು ಬರೆದು, ಭೇಟಿಯನ್ನು ಎರಡು ತಿಂಗಳಿಗೊಮ್ಮೆ ಮಾಡಿದೆ. ಈ ಪ್ರಕರಣದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದು.

ಮಾರ್ಚ್ ಕೊನೆಗೆ ಬಂದಾಗ ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿದ್ದರು. ನಿದ್ದೆ ಮತ್ತೆ ಮೂರು ಗಂಟೆ. ಅಂಕ 14. ಒಬ್ಬರಿಗೆ ಕೆಂಪು ಬೇಡವಂತೆ, ಸೋಫಾಕ್ಕೆ ಹೊಂದುವ ಬೂದು ಬಣ್ಣ ಬೇಕಂತೆ. ಇನ್ನೊಬ್ಬರಿಗೆ ತೇರು ಬೇಕು, ಉಳಿದ ಎಳೆಗಳನ್ನು ಕಡಿಮೆ ಮಾಡಿ ಎಂದರಂತೆ. ಎಂಟು ಜನಕ್ಕೆ ಆ ಮಕ್ಕಳ ಸಾಲೇ ಬೇಕು. ಒಂದನ್ನು ಕೊಂಡವರು ಫೋನ್ ಮಾಡಿ "ಇಲ್ಲಿ ಒಂದು ಗೊಂಬೆ ಬಿಟ್ಟುಹೋಗಿದೆ" ಎಂದರಂತೆ. ಗೌರಕ್ಕ ಅಲ್ಲಿ ಒಂದು ಮಗುವನ್ನು ಬರೆದುಕೊಟ್ಟಿದ್ದರು.

"ಬರೆದುಕೊಟ್ಟಿರಾ?"

"ಕೊಟ್ಟೆ. ದುಡ್ಡು ತೆಗೆದುಕೊಂಡಿದ್ದೇನಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ತಪ್ಪಾದರೂ ಅಳಿಸುವುದಿಲ್ಲ. ಅಳಿಸಿದರೆ ಶನಿವಾರಕ್ಕೆ ಮುಗಿಯುವುದಿಲ್ಲ" ಎಂದರು.

ಆರು ತಿಂಗಳ ಹಿಂದೆ ಅಳಿಸುವುದನ್ನು ಕಾಯಿಲೆಯ ಗುರುತು ಎಂದುಕೊಂಡಿದ್ದೆ. ಅಳಿಸುವುದನ್ನು ನಿಲ್ಲಿಸಿದ್ದೇ ಕಾಯಿಲೆ ಮರಳಿದ ಗುರುತಾಗಿತ್ತು. ಕೈ ಅದೇ, ಮಣ್ಣು ಅದೇ, ಅಕ್ಕಿ ಅದೇ, ದಿನಕ್ಕೆ ಎರಡರ ಬದಲು ಆರು ಗಂಟೆ ಕಲೆಯಲ್ಲೇ ಇದ್ದಾರೆ. ಕಲೆಯಲ್ಲಿ ತೊಡಗಿರುವುದೇ ಮದ್ದಾಗಿದ್ದರೆ ಅವರು ಮೂರು ಪಟ್ಟು ಸುಧಾರಿಸಬೇಕಿತ್ತು.

ಮನೆಯವರನ್ನೆಲ್ಲ ಕೂರಿಸಿ ಮಾತಾಡಿದೆವು. ಅದು ಸಲೀಸಾದ ಮಾತುಕತೆ ಆಗಿರಲಿಲ್ಲ. ಮುಂಗಡ ಪಡೆದು ಹಿಂತಿರುಗಿಸುವುದು ಮರ್ಯಾದೆಯ ಪ್ರಶ್ನೆ ಎಂದು ಮಗ ಹೇಳಿದ. ಅತ್ತೆಯ ಹೆಸರು ನಾಲ್ಕು ಜನರಿಗೆ ತಿಳಿಯಲಿ ಎಂದು ರಾತ್ರಿ ಕುಳಿತು ಎಲ್ಲರಿಗೂ ಉತ್ತರ ಬರೆದ ಸೊಸೆಗೆ ನೋವಾಯಿತು, ಅತ್ತಳು. ನಾನು ಒಂದು ಪರಿಹಾರ ಹೇಳಲು ಬಾಯಿ ತೆರೆದೆ, ಮತ್ತೆ ಮುಚ್ಚಿಕೊಂಡೆ. ತೀರ್ಮಾನ ಗೌರಕ್ಕನದೇ ಆಗಬೇಕಿತ್ತು. ಒಂದು ವಾರ ತೆಗೆದುಕೊಂಡು ಅವರು ಹೇಳಿದ್ದು: ಶುರು ಮಾಡಿದ ಎರಡನ್ನು ಮುಗಿಸುತ್ತೇನೆ, ಉಳಿದವರ ದುಡ್ಡು ವಾಪಸ್. ಇನ್ನು ಮುಂದೆ ತಿಂಗಳಿಗೆ ಒಂದು, ಏನು ಬರೆಯಬೇಕೆಂದು ಕೊಳ್ಳುವವರು ಹೇಳಬಾರದು. ಮೊದಲ ಹಲಗೆ ಮಾರಾಟಕ್ಕಿಲ್ಲ, ಅದನ್ನು ಬೇಕೆನಿಸಿದಾಗ ಅಳಿಸಿ ಬರೆಯುತ್ತೇನೆ. ಈ ಷರತ್ತುಗಳನ್ನು ಸೊಸೆಯೇ ಅಂದವಾಗಿ ಬರೆದು ಕಳುಹಿಸಿದಳು. ಮೂವರು ಕಾಯುತ್ತೇವೆ ಎಂದರು, ಉಳಿದವರು ಬಿಟ್ಟುಹೋದರು. ಆ ತಿಂಗಳು ಮನೆಯಲ್ಲಿ ದುಡ್ಡಿನ ಬಿಗಿಯಾಯಿತು ಎಂಬುದನ್ನೂ ದಾಖಲಿಸಬೇಕು.

ಕಲೆಯಿಂದ ದುಡಿಯಬಾರದು ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಚಿತ್ತಾರದ ದುಡ್ಡೇ ನೆಮ್ಮದಿ, ಅದೇ ಸ್ವಾತಂತ್ರ್ಯ. ಯಾರ ಚೇತರಿಕೆ ಇನ್ನೂ ಹಸಿಯಾಗಿದೆಯೋ ಅಂಥವರ ಕಲೆಯನ್ನು ಪ್ರದರ್ಶನಕ್ಕೆ ಇಡುವ ಮೊದಲು, ನಿರ್ಧಾರಗಳು ಯಾರ ಕೈಗೆ ಹೋಗುತ್ತವೆ ಎಂದು ಕೇಳಿಕೊಳ್ಳಿ ಎಂದು ಸಹೋದ್ಯೋಗಿಗಳಲ್ಲಿ ಬೇಡುತ್ತೇನೆ. ಈಗ ಹೊಸದಾಗಿ ಬರುವವರಿಗೆ ನಾನು ಬಣ್ಣದ ಪುಸ್ತಕ ಕೊಡುವುದಿಲ್ಲ. ಚಿಕ್ಕಂದಿನಲ್ಲಿ ಕೈ ಏನು ಮಾಡುತ್ತಿತ್ತು ಎಂದು ಕೇಳುತ್ತೇನೆ. ಕೌದಿ ಹೊಲಿದವರು, ಬುಟ್ಟಿ ಹೆಣೆದವರು, ಗಣಪತಿ ತಿದ್ದಿದವರು, ಬಾಗಿಲಿಗೆ ರಂಗೋಲಿ ಹಾಕುತ್ತಿದ್ದವರು ಎಷ್ಟೊಂದು ಜನ ನನ್ನ ಎದುರು ಕುಳಿತು ಹೋಗಿದ್ದಾರೋ, ನಾನು ಕೇಳಿರಲೇ ಇಲ್ಲ.

ಭೂಮಿ ಹುಣ್ಣಿಮೆ

ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ಗೌರಕ್ಕ ಊರಿಗೆ ಹೋದರು. ಬಸುರಿಯಾದ ಭೂಮಿತಾಯಿಗೆ ಬಯಕೆಯ ಅಡುಗೆಯನ್ನು ಗದ್ದೆಗೆ ಹೊತ್ತು ಒಯ್ಯುವ ಹಬ್ಬ ಅದು. ಎಡೆ ಒಯ್ಯುವ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ, ಭೂಮಣ್ಣಿ ಬುಟ್ಟಿ ಎನ್ನುತ್ತಾರೆ. ಅಕ್ಕ, ನಾದಿನಿ, ಅಕ್ಕನ ಮಗಳು ನಾಲ್ವರೂ ಕುಳಿತು ಬರೆದರಂತೆ. ಬರೆಯುವಾಗ ಹಾಡಿದರಂತೆ. ಹಿಂತಿರುಗಿ ಬಂದು ನನಗೆ ಹೇಳಿದ ಮೊದಲ ಮಾತು ಅದೇ: "ಬೆಂಗಳೂರಿನಲ್ಲಿ ಒಂದು ವರ್ಷ ಬರೆದೆನಲ್ಲ, ಒಂದು ದಿನವೂ ಹಾಡು ಬರಲಿಲ್ಲ. ಅಲ್ಲಿ ಕೂತ ತಕ್ಷಣ ಬಂತು."

ಇದು ನನ್ನ ಚಿಕಿತ್ಸೆ ಮುಟ್ಟದೆ ಉಳಿದ ಜಾಗ. ಹಲಗೆ ಅವರಿಗೆ ಅವರ ಅಧಿಕಾರವನ್ನು ಕೊಟ್ಟಿತು, ಪಕ್ಕದಲ್ಲಿ ಕುಳಿತು ದನಿಗೂಡಿಸುವವರನ್ನು ಕೊಡಲಿಲ್ಲ. ನವೆಂಬರಿನಲ್ಲಿ ಅಂಕ 6, ನಿದ್ದೆ ಆರು ಗಂಟೆಯ ಹತ್ತಿರ. ಮಾತ್ರೆಯನ್ನು ವೈದ್ಯರು ಹಂತ ಹಂತವಾಗಿ ಇಳಿಸುತ್ತಿದ್ದಾರೆ. ಮಳೆಯ ಸಂಜೆಗಳು ಈಗಲೂ ಭಾರ ಎನ್ನುತ್ತಾರೆ. ವರ್ಷಕ್ಕೆ ನಾಲ್ಕು ತಿಂಗಳು ಊರಿನಲ್ಲಿರುವುದು ಎಂದು ಮನೆಯಲ್ಲಿ ಒಪ್ಪಂದವಾಗಿದೆ. ಮೊಮ್ಮಗ ಮೊದಲ ಹಲಗೆಯ ಒಂದು ಮೂಲೆಯಲ್ಲಿ ಎಳೆ ಕಲಿಯುತ್ತಿದ್ದಾನೆ. ಅವನು ಬರೆದದ್ದನ್ನು ಅವನೇ ಅಳಿಸಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ ಎಂಬುದು ಅಜ್ಜಿಯ ಕಟ್ಟಳೆ.

ಕೊನೆಯ ಭೇಟಿಯಲ್ಲಿ ಹೊರಡುವಾಗ ಗೌರಕ್ಕ ನನ್ನ ಕೋಣೆಯ ಗೋಡೆಯ ಮುಂದೆ ನಿಂತರು. ಅಂಗೈಯನ್ನು ಅದರ ಮೇಲೆ ಇಟ್ಟು, ತಿರುಗಿಸಿ ನೋಡಿಕೊಂಡರು.

"ಈ ಗೋಡೆ ನಿಮ್ಮದೇನಾ?"

ಬಾಡಿಗೆಯದು ಎಂದೆ.

"ಕೇಳಿ ನೋಡಿ" ಎಂದರು. ಮಾಲೀಕರನ್ನು ಕೇಳಿದ್ದೇನೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.